ಅಳೆಯುವ ಕೊಳಗ

ಆಗಸ್ಟ್ 10, 2025, ಭಾನುವಾರ
ಸಾಗರ

ಬೆಳಿಗ್ಗೆ ಸ್ವಲ್ಪ ಹೊಳವಾಗಿತ್ತು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡರು ಬಂದರು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಕತ್ತಿ ಅದ್ದಿ ನೋಡಿದರೆ ಅಲಗಿಗೆ ತಾಮ್ರದ ಕೆಂಪು ಹತ್ತಿತ್ತು. ಇನ್ನಷ್ಟು ಸುಣ್ಣದ ನೀರು ಸುರಿದರು.

ಬೆಂಗಳೂರಿಂದ ಬಂದ ಸೋದರಳಿಯ ಫೋಟೊ ತೆಗೆಯುತ್ತ, “ಸೊಪ್ಪಿನ ಬೆಟ್ಟ, ಕೊಟ್ಟಿಗೆ, ತೋಟ... ಅಜ್ಜಂದಿರ ಬದುಕೇ ಸುಸ್ಥಿರ ಅಲ್ದಾ ಮಾವ?” ಎಂದ.

ಅರ್ಧ ಸರಿ. ಬೆಟ್ಟದ ಸೊಪ್ಪು, ದರಕು (ಒಣಗಿದ ಎಲೆ) ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತಿತ್ತು. ಬರುವ ವರ್ಷವೂ ಅದೇ ಮರಕ್ಕೆ ಹೋಗಬೇಕಾದವರು ಕುಡಿ ಉಳಿಸಿಯೇ ಸವರುತ್ತಿದ್ದರು.

ಉಳಿದರ್ಧ ಕೊನೆಗೌಡರ ಬಾಯಿಂದ ಬಂತು: “ಭಟ್ರೆ, ನಮ್ಮಜ್ಜನ ಕಾಲದಾಗೆ ಗೇಣಿ ಅಳೆಯಾಕೆ ಬೇರೇನೇ ಕೊಳಗ ಇತ್ತಂತೆ. ದೊಡ್ಡದು.”

1951ರಲ್ಲಿ ಇಲ್ಲೇ ಕಾಗೋಡಿನ ಗೇಣಿದಾರರು ಗಣಪತಿಯಪ್ಪನವರ ಮುಂದಾಳತ್ವದಲ್ಲಿ ತಿರುಗಿ ನಿಂತದ್ದು ಒಡೆಯರು ಗೇಣಿ ಭತ್ತ ಅಳೆದುಕೊಳ್ಳುತ್ತಿದ್ದ ಆ ದೊಡ್ಡ ಕೊಳಗದ ಅಳತೆಗೇ. ಸಮಾಜವಾದಿ ನಾಯಕ ಲೋಹಿಯಾ ಬಂದರು, ಬಂಧನವಾಯಿತು. ಆಗ ಬೆಟ್ಟ ಈಗಿನದಕ್ಕಿಂತ ಹಸಿರಾಗಿತ್ತು, ಖರೆ. ಭತ್ತ ಬೆಳೆದವನ ಕಣಜ ಮಾತ್ರ ಖಾಲಿ. ಅಂಥ ಊರನ್ನು ಸುಸ್ಥಿರ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ.

ಆಮೇಲೆ ಕೊಳಗ ಕೈ ಬದಲಾಯಿಸಿತು ಅಷ್ಟೆ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಮುಳುಗಿದ್ದು ಇಲ್ಲಿಯವರ ಗದ್ದೆ, ಕರೆಂಟು ಹೋದದ್ದು ನಾಡಿಗೆಲ್ಲ. ಎಬ್ಬಿಸಿ ತಂದು ಕಾಡಂಚಿನಲ್ಲಿ ಬಿಟ್ಟವರಲ್ಲಿ ಎಷ್ಟೋ ಮನೆಗಳಿಗೆ ಇಂದಿಗೂ ಹಕ್ಕುಪತ್ರವಿಲ್ಲ. ಕಡತದಲ್ಲಿ ಅವರು ಒತ್ತುವರಿದಾರರು! ಲಾಂಚ್ ಕಾದು ಕಾದು ಹಿನ್ನೀರು ದಾಟುತ್ತಿದ್ದ ಸಿಗಂದೂರು ಕಡೆಯವರಿಗೆ ಸೇತುವೆ ಸಿಕ್ಕಿದ್ದು ಕಳೆದ ತಿಂಗಳು.

ಈಗ ಅದೇ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಮಾಡುತ್ತಾರಂತೆ. ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವುದು. ಎತ್ತಲು ತಗಲಿದಷ್ಟು ಇಳಿಸುವಾಗ ಸಿಗುವುದಿಲ್ಲ. ಆದರೂ ಹಗಲಿನ ಸೋಲಾರ್ ಕರೆಂಟನ್ನು ಸಂಜೆಗೆ ಉಳಿಸಿಡಲು ಇಂಥದ್ದು ಬೇಕು ಎನ್ನುವವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಕಲ್ಲಿದ್ದಲು ಸುಡುವುದಕ್ಕಿಂತ ವಾಸಿಯೇ. ನನ್ನ ತಕರಾರು ಸರದಿಯದ್ದು. ಅರವತ್ತು ವರ್ಷದ ಹಿಂದೆ ಗದ್ದೆ ಬಿಟ್ಟುಕೊಟ್ಟವರ ಕಾಗದ ಇನ್ನೂ ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುವಾಗ, ಸಿಂಗಳೀಕಗಳಿರುವ ಕಾಡಿನಡಿ ಸುರಂಗ ಕೊರೆಯಲು ಇಷ್ಟು ಅವಸರ ಯಾರದ್ದು?

“ಮೊದಲು ಹಕ್ಕುಪತ್ರ ಕೊಡಲಿ, ಸುರಂಗದ ಮಾತು ಆಮೇಲೆ” ಎಂದೆ.

“ಹಾಗೆ ಕೂತ್ರೆ ಯಾವ ಯೋಜನೆನೂ ಆಗದಿಲ್ಲೆ ಮಾವ.”

ಆಗದಿದ್ದರೆ ಬೇಡ ಎಂದೆ. ಅವನು ಒಪ್ಪಲಿಲ್ಲ.