ಸೊನ್ನೆ ತೋರಿಸಿದ ಟೇಪು

ರೆಕಾರ್ಡಿಂಗ್ ಟೇಪಿನ ಲ್ಯಾಬಿಗೆ ಹೊಸದಾಗಿ ಸೇರಿದ್ದೆ. ಲೇಪದೊಳಗಿನ ಕಣಗಳು ಒಂದರ ಮೇಲೊಂದು ಎಷ್ಟು ಪ್ರಭಾವ ಬೀರುತ್ತವೆ ಅಂತ ಅಳೆಯುವುದು ನನ್ನ ಪಾಲಿಗೆ ಬಂತು. ಕಂದು ಟೇಪು ಅಂದರೆ ಅಂಟಿನಲ್ಲಿ ಕಲಸಿದ ಗಾಮಾ ಐರನ್ ಆಕ್ಸೈಡ್ ಸೂಜಿಗಳು. ಪ್ರತಿ ಸೂಜಿಯೂ ಒಂದು ಪುಟಾಣಿ ಅಯಸ್ಕಾಂತ.

ಕಣಗಳು ಒಂದರ ಗೋಜಿಗೆ ಇನ್ನೊಂದು ಹೋಗದಿದ್ದರೆ ಏನಾಗಬೇಕು ಅನ್ನುವುದಕ್ಕೆ ಭೌತವಿಜ್ಞಾನಿ ವೋಲ್‌ಫಾರ್ತ್ 1958ರಲ್ಲೇ ಲೆಕ್ಕ ಕೊಟ್ಟಿದ್ದಾರೆ. ಡಿಮ್ಯಾಗ್ನೆಟೈಸ್ ಆದ, ಅಂದರೆ ಒಟ್ಟು ಕಾಂತತೆ ಸೊನ್ನೆಯಾದ ಟೇಪಿಗೆ ಕಾಂತಕ್ಷೇತ್ರ (ಫೀಲ್ಡ್) ಕೊಟ್ಟು, ತೆಗೆದು, ಉಳಿದ ಕಾಂತತೆ ಅಳೆದರೆ ಅದು ಐಆರ್‌ಎಂ. ಪೂರ್ತಿ ಮ್ಯಾಗ್ನೆಟೈಸ್ ಆದ ಟೇಪಿಗೆ ಉಲ್ಟಾ ಫೀಲ್ಡ್ ಕೊಟ್ಟು ಹಾಗೇ ಅಳೆದರೆ ಡಿಸಿಡಿ. ಗರಿಷ್ಠವನ್ನು 1 ಅಂತ ಇಟ್ಟುಕೊಂಡರೆ ಡಿಸಿಡಿ = 1 − 2 × ಐಆರ್‌ಎಂ. ಇದರಿಂದ ಎಷ್ಟು ಆಚೀಚೆ ಹೋಯಿತೋ ಅದೇ ಡೆಲ್ಟಾ-ಎಂ. ಸೂಜಿ ಟೇಪುಗಳಲ್ಲಿ ಅದು ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗಿರುತ್ತದೆ.

ನನ್ನದು ಮೇಲೆದ್ದಿತ್ತು. ಅದೂ 1ರ ಹತ್ತಿರ! ಕಣಗಳು ಕೈಜೋಡಿಸುತ್ತಿವೆ ಅಂತ ಖುಷಿಯಾಗಿ ಎರಡು ಪುಟ ವಿವರಣೆ ಬರೆದೆ. ಮಧ್ಯೆ ಅಂಟು ಇರುವಾಗ ಅಷ್ಟು ಗಟ್ಟಿಯಾಗಿ ಕೈಜೋಡಿಸುವುದು ಹೇಗೆ ಅಂತ ಯೋಚಿಸಲೇ ಇಲ್ಲ.

ಸೀನಿಯರ್ ಗ್ರಾಫ್ ನೋಡಿ ಕೇಳಿದ್ದು ಒಂದೇ. "ಡಿಮ್ಯಾಗ್ನೆಟೈಸ್ ಹೇಗೆ ಮಾಡಿದ್ರಿ?"

"ಪೂರ್ತಿ ಮ್ಯಾಗ್ನೆಟೈಸ್ ಮಾಡಿ, ಆಮೇಲೆ ಉಲ್ಟಾ ಫೀಲ್ಡ್ ಕೊಟ್ಟೆ ಸರ್. ತೆಗೆದ ಮೇಲೆ ಸರಿಯಾಗಿ ಸೊನ್ನೆ ಬಂತು."

"ಎಸಿ ಫೀಲ್ಡ್ ಹಾಕ್ಲಿಲ್ವಾ?"

ಹಾಕಿರಲಿಲ್ಲ. ಎಸಿಗೆ ಜಾಸ್ತಿ ಹೊತ್ತು ಹಿಡಿಯುತ್ತದೆ, ಸೊನ್ನೆ ಅಂದರೆ ಸೊನ್ನೆ ಅಲ್ವಾ ಅಂದುಕೊಂಡಿದ್ದೆ. ಸರ್ ಕಾಗದದ ಮೇಲೆ ಬಾಣ ಬರೆದು ತೋರಿಸಿದರು. ನನ್ನ ಸೊನ್ನೆಯಲ್ಲಿ ಸುಲಭವಾಗಿ ತಿರುಗುವ ಕಣಗಳೆಲ್ಲ ಎಡಕ್ಕೆ, ಹಠಮಾರಿಗಳೆಲ್ಲ ಬಲಕ್ಕೆ. ಕೂಡಿದರೆ ಸೊನ್ನೆ, ನಿಜ. ಆದರೆ ಈಗ ಬಲಕ್ಕೆ ಫೀಲ್ಡ್ ಕೊಟ್ಟರೆ ಸುಲಭದವು ತಿರುಗಿದರೆ ಮುಗಿಯಿತು, ಹಠಮಾರಿಗಳು ಮೊದಲೇ ಅಲ್ಲಿವೆ. ಅರ್ಧ ಕಣಗಳನ್ನು ತಿರುಗಿಸುವ ಫೀಲ್ಡಿನಲ್ಲೇ ಐಆರ್‌ಎಂ 1 ಮುಟ್ಟುತ್ತದೆ. ಅಲ್ಲಿ ಡಿಸಿಡಿ 0. ಹಾಗಾಗಿ ಡೆಲ್ಟಾ-ಎಂ 0 − (1 − 2), ಅಂದರೆ 1. ಒಂದಕ್ಕೊಂದು ಸಂಬಂಧವೇ ಇಲ್ಲದ ಕಣಗಳಿದ್ದರೂ ಇದೇ ಬರುತ್ತಿತ್ತು!

ಎಸಿಯಲ್ಲಿ ಫೀಲ್ಡ್ ಆ ಕಡೆ ಈ ಕಡೆ ಆಡುತ್ತಾ ನಿಧಾನವಾಗಿ ಇಳಿಯುತ್ತದೆ. ಮೊದಲು ಹಠಮಾರಿಗಳು, ಕೊನೆಗೆ ಸುಲಭದವು, ಎಲ್ಲವೂ ಎರಡೂ ದಿಕ್ಕಿಗೆ ಸರಿಸಮ ಹಂಚಿಹೋಗುತ್ತವೆ.

ಮಾರನೇ ದಿನ ಎಸಿ ಹಾಕಿ ಮತ್ತೆ ಅಳೆದೆ. ಗ್ರಾಫ್ ಸೊನ್ನೆಯ ಕೆಳಗೆ ಸಣ್ಣದೊಂದು ತಗ್ಗು ತೋರಿಸಿ ಸುಮ್ನೆ ಮಲಗಿತು. ಆ ಎರಡು ಪುಟ ಇನ್ನೂ ನನ್ನ ಡ್ರಾಯರಿನಲ್ಲಿದೆ. ಸರ್ ಬಾಣ ಬರೆದದ್ದು ಅದರ ಹಿಂಬದಿಯಲ್ಲೇ.