ಅಪ್ಪನ ಜೊತೆ ವೆಂಡೋವರ್ ನಾಲೆ ಏರಿ ಮೇಲೆ

ಮಂಡ್ಯದಿಂದ ಅಪ್ಪ ಬಂದಿದ್ರು, ಲಂಡನ್ ಮೂರೇ ದಿನಕ್ಕೆ ಸಾಕಾಗೋಯ್ತು ಅವ್ರಿಗೆ. ಸರಿ ನಡೀರಿ ಇಲ್ಲಿನ ನಾಲೆ ತೋರಿಸ್ತೀನಿ ಅಂತ ಲಂಡನ್‌ನಿಂದ ಆಚೆ ಟ್ರಿಂಗ್ ಅನ್ನೋ ಊರಿನ ಕಡೆ ಕರ್ಕೊಂಡು ಹೋದೆ.

ಇಲ್ಲಿ ನಾಲೆ ತೋಡಿದ್ದು ಗದ್ದೆಗಲ್ಲ, ಸರಕಿನ ಬೋಟ್ ಓಡ್ಸೋಕೆ. ಲಂಡನ್‌ನಿಂದ ಬರೋ ದೊಡ್ಡ ನಾಲೆ, ಈಗಿನ ಗ್ರ್ಯಾಂಡ್ ಯೂನಿಯನ್, ಟ್ರಿಂಗ್ ಹತ್ರ ಚಿಲ್ಟರ್ನ್ ಗುಡ್ಡ ಹತ್ತಿ ಇಳಿಯತ್ತೆ. ಬೋಟ್ ಹತ್ಸೋಕೆ ಇಳ್ಸೋಕೆ ಎರಡೂ ಕಡೆ ಗೇಟ್ ಇರೋ ತೊಟ್ಟಿ ಕಟ್ಟಿರ್ತಾರೆ, ಅದೇ ಲಾಕ್, ಒಂದೊಂದ್ ಸಲ ಅದನ್ನ ತೆಗೆದಾಗ್ಲೂ ಸುಮಾರು 2.5 ಲಕ್ಷ ಲೀಟರ್ ನೀರು ಕೆಳಗೆ ಹೋಗತ್ತೆ, ಆ ಎತ್ತರದಲ್ಲಿ ಅಷ್ಟು ನೀರು ಎಲ್ಲಿಂದ ತರೋದು? ಅದಕ್ಕೆ ವೆಂಡೋವರ್ ಊರಿನ ಬುಗ್ಗೆ ನೀರು ತರೋಕೆ ಅಂತ ಸುಮಾರು 11 ಕಿಲೋಮೀಟರ್ ಕವಲು ನಾಲೆ ತೋಡಿದ್ರು, ಹೆಂಗೂ ತೋಡ್ತಿದೀವಿ ಬೋಟೂ ಹೋಗೋ ಹಂಗೆ ಮಾಡೋಣ ಅಂತ ಅಗಲಾನೂ ಮಾಡಿ 1790ರ ದಶಕದ ಕೊನೇಲಿ ಬಿಟ್ರು. ತೋಡಿದಾಗ ಒಂದು ಲಾಕೂ ಇಲ್ದೆ ಗುಡ್ಡದ ಮಟ್ಟಕ್ಕೇ ಸುತ್ಕೊಂಡು ಹೋಗೋ ಹಂಗಿತ್ತು.

ಬುಲ್‌ಬೋರ್ನ್‌ನಲ್ಲಿ ಕವಲೊಡೆಯತ್ತೆ. ಮೊದಲು ನ್ಯೂ ಮಿಲ್ ಅನ್ನೋ ಕಡೆ ಹಿಟ್ಟಿನ ಗಿರಣಿ, ಆಮೇಲೆ ಟ್ರಿಂಗ್‌ಫರ್ಡ್ ಪಂಪ್‌ಹೌಸ್, ಅದನ್ನೂ ದಾಟಿ ಲಿಟಲ್ ಟ್ರಿಂಗ್‌ವರೆಗೂ ಬೋಟ್ ಬರತ್ತೆ. ಲಿಟಲ್ ಟ್ರಿಂಗ್ ದಾಟಿ ಸ್ವಲ್ಪ ದೂರ ಹೋದ್ರೆ ಮುಗೀತು, ನೀರಿಲ್ಲ, ಏರಿ ಇದೆ, ತಗ್ಗು ಇದೆ, ಒಳಗೆಲ್ಲಾ ಹುಲ್ಲು ಮುಳ್ಳು.

ಅಪ್ಪ ಇಳಿದು ಒಂದು ಹೆಂಟೆ ಒಡೆದು ನೋಡಿದ್ರು. ಬೆಳ್ಳಗೆ ಸುಣ್ಣದ ಹಂಗೆ ಪುಡಿಯಾಯ್ತು. "ಇದ್ರಲ್ಲಿ ನೀರು ಎಲ್ಲಿ ನಿಂತದೆ ಮಗ" ಅಂದ್ರು. ನಿಜ, ನಿಲ್ಲಲೇ ಇಲ್ಲ! ಜೇಡಿಮಣ್ಣು ಕಲಸಿ ತಳಕ್ಕೆ ಮೆತ್ತಿದ್ರೂ ಸೋರಿ ಸೋರಿ, ದೊಡ್ಡ ನಾಲೆಗೆ ನೀರು ಕೊಡಬೇಕಾದ ಇದೇ ಅದರ ನೀರನ್ನ ಎಳೆಯೋಕೆ ಶುರು ಮಾಡ್ತು, 1856ರಲ್ಲಿ ಅದನ್ನ ತಡೆಯೋಕಂತ್ಲೇ ಒಂದು ಲಾಕ್ ಕಟ್ಟಿದ್ರು, ಸಾಲದೆ 1904ರಲ್ಲಿ ಮುಚ್ಚೇಬಿಟ್ರು. ಆಮೇಲೆ ಆ ಬುಗ್ಗೆ ನೀರನ್ನ ಪೈಪಲ್ಲಿ ವಿಲ್ಸ್ಟೋನ್ ಕೆರೆಗೆ ತಿರುಗಿಸಿದ್ರು.

ಈ ಕವಲು ನಾಲೆಗೆ ಇಲ್ಲಿ ವೆಂಡೋವರ್ ಆರ್ಮ್ ಅಂತಾರೆ, ಈಗ ವೆಂಡೋವರ್ ಆರ್ಮ್ ಟ್ರಸ್ಟ್‌ನೋರು 1989ರಿಂದ ಇದನ್ನ ರಿಪೇರಿ ಮಾಡ್ತಿದಾರೆ, ವಾಲಂಟಿಯರ್‌ಗಳೇ ಸೇರಿ ತಳಕ್ಕೆ ಬೆಂಟೊನೈಟ್ ಅನ್ನೋ, ನೀರು ಸೋರದ ಹಂಗೆ ತಡೆಯೋ ಜೇಡಿಮಣ್ಣಿನ ಹಾಸು ಹಾಸಿ ಮೇಲೆ ಕಾಂಕ್ರೀಟ್ ಬ್ಲಾಕ್ ಜೋಡಿಸ್ತಾರೆ. ಸಂಬಳ ಇಲ್ವಾ ಅಂತ ಅಪ್ಪ ಎರಡೆರಡು ಸಲ ಕೇಳಿದ್ರು. ನಂಗಂತೂ ಇವ್ರ ಮೇಲೆ ತುಂಬಾ ಗೌರವ.

ಡ್ರೇಟನ್ ಬೀಚಮ್ ಹತ್ರ ಮತ್ತೆ ನೀರು ಕಾಣತ್ತೆ. ಹಾಲ್ಟನ್ ದಾಟಿ ವೆಂಡೋವರ್ ಸೇರೋ ಹೊತ್ತಿಗೆ ತಳದ ಕಲ್ಲು ಎಣಿಸಬಹುದು, ಅಷ್ಟು ತಿಳಿ. ಅಪ್ಪ ಶೂ ಬಿಚ್ಚಿಟ್ಟು ಅಂಚಲ್ಲಿ ಕೂತು ಮುಖ ತೊಳ್ಕೊಂಡ್ರು.