ಹಿಟ್ಟು ಎಷ್ಟು ಹೊತ್ತು ಇಡಬೇಕು?

ಮನೆಯಲ್ಲೇ ಬ್ರೆಡ್ ಮಾಡ್ತೀನಿ ಅಂತ ಗೊತ್ತಾದ ದಿನದಿಂದ ಎಲ್ಲರೂ ಕೇಳುವುದು ಇದೊಂದೇ. ಮದುವೆ ಮನೆಯಲ್ಲಿ ಕೈ ತೊಳೆಯುವಾಗ ಕೇಳಿದ್ದಾರೆ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಪಾತ್ರೆಯ ಫೋಟೋ ಹಾಕಿ ಕೇಳಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನು ಕಳಿಸಿ ಸುಮ್ಮನಾಗುತ್ತೇನೆ.

ಉತ್ತರ: ಉಬ್ಬುವವರೆಗೆ. ಕಲಸಿಟ್ಟಾಗ ಇದ್ದದ್ದರ ಎರಡರಷ್ಟು ಆಗುವವರೆಗೆ.

ಇಷ್ಟು ಹೇಳಿದರೆ ಜನಕ್ಕೆ ಸಿಟ್ಟು ಬರುತ್ತದೆ. ಹಾಸನದಲ್ಲಿ ಒಂದು ಗೃಹಪ್ರವೇಶ. ದೊಡ್ಡಮ್ಮ ಹತ್ತು ಜನರ ಮುಂದೆ ಕೇಳಿದರು, ನಾನು ಇದೇ ಉತ್ತರ ಕೊಟ್ಟೆ. "ಹೇಳೋಕೆ ಇಷ್ಟ ಇಲ್ದಿದ್ರೆ ಬೇಡ ಬಿಡೇ. ನಾವೇನು ಬೇಕರಿ ಇಡ್ತೀವಾ?" ಅಂದುಬಿಟ್ಟರು. ಆ ಕಡೆಯಿಂದಲೇ ಎಷ್ಟೋ ಜನ ಬೆಂಗಳೂರಿಗೆ ಹೋಗಿ ಅಯ್ಯಂಗಾರ್ ಬೇಕರಿ ಇಟ್ಟು ಹೆಸರು ಮಾಡಿದ್ದಾರೆ. ಹಾಗಾಗಿ ಸುತ್ತ ಇದ್ದವರಿಗೆಲ್ಲ ನಗು. ನನಗೆ ಉರಿ.

ಈ ಮಾತು ಆಡಿದ್ದು ಯಾರು? ನಲವತ್ತು ವರ್ಷದಿಂದ ದೋಸೆಗೆ ರುಬ್ಬಿದವರು! ಡಿಸೆಂಬರಿನಲ್ಲಿ ಪಾತ್ರೆಗೆ ಹಳೇ ಟವೆಲ್ ಸುತ್ತಿ ಒಲೆ ಪಕ್ಕ ಇಡುತ್ತಾರೆ. ಏಪ್ರಿಲ್‌ನಲ್ಲಿ ನಸುಕಿಗೇ ಎದ್ದು ಮುಚ್ಚಳ ತೆಗೆದು ಮೂಸುತ್ತಾರೆ, ಉಕ್ಕಿ ಚೆಲ್ಲುವ ಮೊದಲು. ಎಷ್ಟು ಗಂಟೆ ಇಡ್ತೀರಾ ಅಂತ ಅವರನ್ನು ಕೇಳಿ ನೋಡಿ. "ಅದಕ್ಕೇನು ಗಂಟೆ? ಹುಳಿ ಬರೋವರೆಗೂ." ಅವರು ಹೇಳಿದರೆ ಅನುಭವ. ನಾನು ಹೇಳಿದರೆ ಜಂಬ.

ಹಾಗಂತ ನಾನೂ ಹುಟ್ಟುತ್ತಲೇ ಕಲಿತು ಬಂದವಳಲ್ಲ. ಮೊದಲ ಸಲ ಯಾವುದೋ ವಿಡಿಯೋ ನೋಡಿ ಮಾಡಿದೆ. ಒಂದು ಗಂಟೆ ಇಡಿ ಅಂದಿದ್ದರು. ಅವರ ಅಡುಗೆಮನೆ ಎಷ್ಟು ಬೆಚ್ಚಗಿತ್ತೋ ಏನೋ, ನನ್ನದು ಜನವರಿಯ ಮೈಸೂರು. ಸರಿಯಾಗಿ ಒಂದು ಗಂಟೆಗೆ ಓವನ್ನಿಗೆ ತಳ್ಳಿದೆ. ಬಂದದ್ದು ಇಟ್ಟಿಗೆ. ಚಾಕು ಇಳಿಯಲಿಲ್ಲ, ಈಳಿಗೆಮಣೆ ಬೇಕಾಯಿತು. ಮಿಕ್ಸಿಯಲ್ಲಿ ಪುಡಿ ಮಾಡಿಟ್ಟು ಎರಡು ವಾರ ಕಟ್ಲೆಟ್ ತಿಂದೆವು. ಮನೆಯವರು ಈಗಲೂ ಕಟ್ಲೆಟ್ ಅಂದರೆ ನನ್ನ ಮುಖ ನೋಡುತ್ತಾರೆ.

ಸರಿ, ಅಳತೆ ಬೇಕಲ್ವಾ, ತಗೊಳ್ಳಿ. ಮೈದಾ 300 ಗ್ರಾಂ, ನೀರು ಸುಮಾರು 200 ಮಿಲಿ, ಇನ್‌ಸ್ಟಂಟ್ ಈಸ್ಟ್ 1 ಟೀ ಚಮಚ, ಉಪ್ಪು 1 ಟೀ ಚಮಚ, ಒಂಚೂರು ಸಕ್ಕರೆ, 1 ದೊಡ್ಡ ಚಮಚ ಎಣ್ಣೆ. ನೀರು ಉಗುರು ಬೆಚ್ಚಗಿರಲಿ, ಕುದಿಸಿ ಸುರಿಯಬೇಡಿ. ಈಸ್ಟ್‌ಗೆ ಜೀವ ಇದೆ. 60 ಡಿಗ್ರಿ ಬಿಸಿಗೆ ಸತ್ತೇ ಹೋಗುತ್ತದೆ. ತಣ್ಣೀರಿಗೆ ಸಾಯುವುದಿಲ್ಲ, ಸೋಮಾರಿಯಾಗುತ್ತದೆ ಅಷ್ಟೆ. ಹಿಟ್ಟು ಚಪಾತಿಯದಕ್ಕಿಂತ ಮೆತ್ತಗಿರಬೇಕು, ಮೊದಮೊದಲು ಕೈಗೆ ಅಂಟುತ್ತದೆ. ಅಂಟುತ್ತೆ ಅಂತ ಮೇಲೆ ಮೇಲೆ ಮೈದಾ ಸುರಿದಿರೋ, ಮತ್ತೆ ಇಟ್ಟಿಗೆ. ಹತ್ತು ನಿಮಿಷ ನಾದಿದರೆ ಅಂಟು ತಾನೇ ಬಿಡುತ್ತದೆ. ಚೂರು ಹಿಟ್ಟನ್ನು ಎರಡೂ ಕೈಯಲ್ಲಿ ಹಿಗ್ಗಿಸಿ, ಬೆಳಕಿಗೆ ಹಿಡಿಯಿರಿ. ಹರಿಯದೆ, ಆಚೆಯ ಬೆರಳು ಮಸುಕಾಗಿ ಕಾಣುವಷ್ಟು ತೆಳ್ಳಗಾಯಿತಾ? ನಾದಿದ್ದು ಸಾಕು.

ಗಾಜಿನ ಡಬ್ಬಿಗೆ ಹಾಕಿ, ಹಿಟ್ಟು ಎಲ್ಲಿಯವರೆಗಿದೆಯೋ ಅಲ್ಲಿ ಒಂದು ರಬ್ಬರ್ ಬ್ಯಾಂಡ್ ಹಾಕಿ. ಆಮೇಲೆ ಗಡಿಯಾರ ಬಿಟ್ಟು ರಬ್ಬರ್ ಬ್ಯಾಂಡ್ ನೋಡಿ. ನನ್ನ ಅದೇ ಅಡುಗೆಮನೆಯಲ್ಲಿ, ಅದೇ ಡಬ್ಬಿಯಲ್ಲಿ ಏಪ್ರಿಲ್‌ಗೆ 50 ನಿಮಿಷ ಸಾಕು, ಜನವರಿಗೆ ಎರಡೂವರೆ ಗಂಟೆ ಬೇಕು. ಈಗ ಹೇಳಿ, ನಾನು ಯಾವ ಲೆಕ್ಕ ಕೊಡಲಿ?

ಉಬ್ಬಿದ ಮೇಲೆ ಗಾಳಿ ತೆಗೆದು, ಸುತ್ತಿ, ಎಣ್ಣೆ ಸವರಿದ ಟಿನ್ನಿಗೆ ಹಾಕಿ. ಅಲ್ಲಿ ಇನ್ನೊಂದು ಸಲ ಉಬ್ಬಬೇಕು. ಬೆರಳಿನಿಂದ ಮೆಲ್ಲಗೆ ಒತ್ತಿ. ಪಟ್ಟಂತ ಮೇಲೆ ಬಂದರೆ ಇನ್ನೂ ಕಾಯಿರಿ. ಗುಳಿ ನಿಧಾನಕ್ಕೆ ಅರ್ಧ ತುಂಬಿಕೊಂಡರೆ ಓವನ್ನಿಗೆ. ಗುಳಿ ಹಾಗೇ ಉಳಿದರೆ ಹೊತ್ತು ಮೀರಿದೆ. 200 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ತೆಗೆದು ತಳ ತಟ್ಟಿದರೆ ಖಾಲಿ ಡಬ್ಬ ತಟ್ಟಿದ ಸದ್ದು ಬರಬೇಕು.

ಇಷ್ಟರಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಓವನ್ನಿನಿಂದ ತೆಗೆದ ಮೇಲೆ ಎಷ್ಟು ಹೊತ್ತು ಇಡಬೇಕು? ಇದಕ್ಕೆ ನನ್ನ ಹತ್ತಿರ ಗಡಿಯಾರದ ಲೆಕ್ಕವೇ ಇದೆ! ಟಿನ್ನಿನಿಂದ ಬಿಡಿಸಿ, ಜಾಲರಿ ಮೇಲೆ, ಕಮ್ಮಿ ಅಂದರೂ 1 ಗಂಟೆ. ಒಳಗೆ ಇನ್ನೂ ಹಬೆ ಓಡಾಡುತ್ತಿರುತ್ತದೆ, ತಿರುಳು ಗಟ್ಟಿಯಾಗಿರುವುದಿಲ್ಲ. ಆಗ ಚಾಕು ಹಾಕಿದರೆ ಬೆಂದ ಬ್ರೆಡ್ಡೂ ಬೇಯದ ಹಾಗೆ ಮುದ್ದೆಯಾಗಿ ಚಾಕುವಿಗೆ ಮೆತ್ತಿಕೊಳ್ಳುತ್ತದೆ. ಇದನ್ನು ಹೇಳಲು ಕಾಯ್ತಾ ಕೂತಿದ್ದೇನೆ. ಕೇಳುವವರೇ ಇಲ್ಲ.

ಮೊನ್ನೆ ದೊಡ್ಡಮ್ಮನ ಫೋನ್. "ಉಬ್ಬಿತು ಕಣೇ! ಚೆನ್ನಾಗೇ ಉಬ್ಬಿತು. ಒಳಗೆ ಮಾತ್ರ ಅಂಟಂಟು. ಅದೇನು ಮುಚ್ಚಿಟ್ಟಿದ್ದೀಯ, ಈಗಾದ್ರೂ ಹೇಳು."

"ಯಾವಾಗ ಕುಯ್ದ್ರಿ ದೊಡ್ಡಮ್ಮ?"

"ಯಾವಾಗ ಅಂದ್ರೆ? ತೆಗೆದ ತಕ್ಷಣ. ಬಿಸಿ ಇರೋವಾಗ ತಿನ್ನದೆ ಮತ್ತೆ, ಆರಿಸಿ ತಿನ್ನೋಕೆ ಅದೇನು ಹಪ್ಪಳನಾ?"